ನಾಲೆ ಏರಿಯ ಮೇಲೆ ಕ್ರೂಸ್ ರಿಹರ್ಸಲ್

ಹೋದ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನೂ ಜಯಕ್ಕನೂ ಸೀಳುನಾಲೆಯ ಏರಿ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು.

ಮಾಡಬೇಕಾಗಿದ್ದ ಕೆಲಸ ಒಂದೇ. ಮಧ್ಯಾಹ್ನದ ಊಟದವರೆಗೆ ಏನೂ ಮಾಡದೆ ಕೂತಿರುವುದು.

ಜಯಕ್ಕ ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ಅವರದು ಹನಕೆರೆಯಿಂದ ಸ್ವಲ್ಪ ಒಳಗಿನ ಊರು, ಗದ್ದೆ, ಎರಡು ಹಸು. ನಾನು ಮಂಡ್ಯದಲ್ಲಿ ಕಾಲೇಜ್ ಲೆಕ್ಚರರ್. ಮದುವೆಯಾಗಿ ಇಪ್ಪತ್ತು ವರ್ಷ ಆದರೂ ನಾವಿಬ್ಬರೂ ಹಬ್ಬದ ಅಡುಗೆ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ.

ಹೋದ ತಿಂಗಳು ಅವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಗಂಗಾ ನದಿಯಲ್ಲಿ ಏಳು ದಿನದ ಕ್ರೂಸ್. ಹಡಗಿನಲ್ಲೇ ರೂಮು, ಹಡಗಿನಲ್ಲೇ ಊಟ, ಕಿಟಕಿಯಾಚೆ ನೀರು.

"ನೀ ಬಂದ್ರೆ ಓಯ್ತೀನಿ. ಒಬ್ಳೇ ಆದ್ರೆ ಇಲ್ಲ," ಎಂದರು.

ಹಸು ಬಿಟ್ಟು ಬರುವುದಿಲ್ಲ ಎಂದು ಭಾವ ಮೊದಲೇ ಹೇಳಿದ್ದರು. ಇಷ್ಟು ವರ್ಷದಲ್ಲಿ ಜಯಕ್ಕ ನನ್ನನ್ನು ಏನಾದರೂ ಕೇಳಿದ್ದರೆ ಅದು ಇದೊಂದೇ. ತಕ್ಷಣ ಹ್ಞೂಂ ಅನ್ನಲು ನನಗೆ ಆಗಲಿಲ್ಲ.

ಮಂಡ್ಯದ ಒಂದು ಟ್ರಾವೆಲ್ ಆಫೀಸಿಗೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ಪ್ರಾಮಾಣಿಕರು. "ಮೇಡಂ, ಕ್ರೂಸ್ ಎಲ್ರಿಗೂ ಸೆಟ್ ಆಗಲ್ಲ. ಸುಮ್ನೆ ಕೂರೋಕೆ ಬರೋರಿಗೆ ಮಾತ್ರ. ಅರ್ಧ ದಿನ ನೀರಿನ ಪಕ್ಕ ಕೂತು ನೋಡಿ, ಆಮೇಲೆ ಹೇಳಿ," ಎಂದರು. ಒಂದು ಕ್ಯಾಬಿನ್ ಸೋಮವಾರ ಸಂಜೆಯವರೆಗೆ ಹಿಡಿದಿಡುತ್ತಾರಂತೆ.

ಮನೆಗೆ ಬಂದು ಎರಡು ಕಾಲಂ ಹಾಕಿ ಪಟ್ಟಿ ಮಾಡಿದೆ. ಬೇಡ ಅನ್ನುವ ಕಡೆ ಬರೆದದ್ದೆಲ್ಲ ಜಯಕ್ಕನ ಹೆಸರಿನಲ್ಲಿತ್ತು. ಜಯಕ್ಕನಿಗೆ ಬೋರ್ ಆಗುತ್ತದೆ. ಜಯಕ್ಕನಿಗೆ ಊಟ ಒಗ್ಗುವುದಿಲ್ಲ. ಚಿಕ್ಕ ರೂಮಿನಲ್ಲಿ ಜಯಕ್ಕನಿಗೆ ಉಸಿರು ಕಟ್ಟುತ್ತದೆ...

ಆ ಪಟ್ಟಿಯನ್ನು ನಿಜ ಮಾಡಿಕೊಳ್ಳಲೆಂದೇ ಈ ರಿಹರ್ಸಲ್‌ಗೆ ಕರೆದಿದ್ದೆ ಎಂದು ಈಗ ಅನ್ನಿಸುತ್ತದೆ.

ಕೂತ ಐದು ನಿಮಿಷಕ್ಕೆ ಜಯಕ್ಕ ಮಡಿಲಿನಿಂದ ಅವರೆಕಾಯಿ ತೆಗೆದರು. ಹಡಗಿನಲ್ಲಿ ಅವರೆಕಾಯಿ ಇರುವುದಿಲ್ಲ ಎಂದು ಇಸಿದುಕೊಂಡು ಪಕ್ಕದ ಚೀಲಕ್ಕೆ ಹಾಕಿದೆ.

"ಅಂಗಾರೆ ನಿನ್ ಫೋನೂ ಕೊಡು ಇಲ್ಲಿ," ಎಂದು ಕೈ ಚಾಚಿದರು. ಕೊಟ್ಟೆ. ಅದು ಅವರೆಕಾಯಿಯ ಜೊತೆ ಚೀಲ ಸೇರಿತು.

ನಾಲೆಯಲ್ಲಿ ನೀರು ಅರ್ಧಕ್ಕೆ ಹರಿಯುತ್ತಿತ್ತು. ನಮ್ಮ ಕಡೆ ನೀರು ಎಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ, ಒಬ್ಬೊಬ್ಬರ ಗದ್ದೆಗೆ ಒಂದೊಂದು ಸರದಿ. ನಮ್ಮ ಸರದಿ ಸೋಮವಾರ. ಭಾನುವಾರ ಆರಿಸಿದ್ದು ಅದಕ್ಕೇ, ಅವತ್ತು ಅಲ್ಲಿ ನಮಗೆ ಕೆಲಸವಿರಲಿಲ್ಲ.

ಒಂಬತ್ತಕ್ಕೆ ಪಕ್ಕದ ಗದ್ದೆಯ ಪುಟ್ಟಸ್ವಾಮಿ ಸೈಕಲ್ ತಳ್ಳಿಕೊಂಡು ಬಂದರು.

"ಏನಕ್ಕಾ, ಇಬ್ರೂ ಬಂದು ಕುಂತ್ಬುಟ್ಟಿದ್ದೀರಿ?"

"ಸುಮ್ನೆ ಕಣಪ್ಪ."

"ಸುಮ್ನೆ ಯಾರಾರ ಕುಂತ್ಕತ್ತಾರಾ?" ಎಂದು ನನ್ನ ಮುಖ ನೋಡಿದರು. ನಾನೂ ಸುಮ್ಮನೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಅರ್ಧ ಗಂಟೆ ಬಿಟ್ಟು ಮತ್ತೆ ಬಂದರು. ಈ ಸಲ ಹೆಂಡತಿಯೂ ಜೊತೆಗಿದ್ದರು. ನಮ್ಮ ಸರದಿ ನಾಳೆ ತಾನೇ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಸ್ವಲ್ಪ ದೂರದಲ್ಲಿ ನಿಂತು ಇಬ್ಬರೂ ತಗ್ಗಿದ ದನಿಯಲ್ಲಿ ಜಗಳ ಆಡಿದರು.

ಮೂರನೆಯ ಸಲ ಬಂದಾಗ ಪುಟ್ಟಸ್ವಾಮಿಯ ಕೈಯಲ್ಲಿ ಸನಿಕೆ ಇತ್ತು. ನಮ್ಮನ್ನು ದಾಟಿ, ಏರಿಯ ಕೆಳಗೆ ಜೊಂಡಿನ ಮರೆಯಲ್ಲಿ ಇಳಿದು, ಮಣ್ಣು ಎಳೆದು ಏನನ್ನೋ ಮುಚ್ಚಿದರು. ಕಾಲು ತೊಳೆದುಕೊಂಡು ಮೇಲೆ ಬಂದರು.

"ಮುಚ್ಚಿವ್ನಿ ಕಣಕ್ಕ. ನೆನ್ನೆಯಿಂದ ಒಂದೀಟು ಬುಟ್ಕಂಡಿದ್ದೆ ಅಷ್ಟೆ. ಅದಕ್ಕೆ ಓಗಿ ಕುರ್ಚಿ ಆಕ್ಕಂಡು ಕುಂತ್ಕಬೇಕಾ? ಪ್ಯಾಟೆಯಿಂದ ಮೇಡಮ್ಮನ್ನ ಬೇರೆ ಕರ್ಸಿದ್ದೀರಿ."

ಅವರು ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡದ್ದು ನಮ್ಮಿಬ್ಬರಿಗೂ ಆ ಗಳಿಗೆಯವರೆಗೆ ಗೊತ್ತೇ ಇರಲಿಲ್ಲ.

ಜಯಕ್ಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಮುಚ್ಚಿದ್ಮೇಲೆ ಸರಿಯೋಯ್ತು ಬುಡು," ಎಂದರು, ಎಲ್ಲ ಗೊತ್ತಿದ್ದವರ ಹಾಗೆ.

ಅವರು ಆಚೆ ಹೋದದ್ದೇ ತಡ, ಜಯಕ್ಕ ಎದ್ದು ಕೆಳಗಿಳಿದು, ಮುಚ್ಚಿದ ಜಾಗವನ್ನು ಕಾಲಲ್ಲಿ ಒತ್ತಿ ನೋಡಿದರು. ಇನ್ನೂ ಎರಡು ಹಿಡಿ ಮಣ್ಣು ಹಾಕಿದರು. ತೂಬಿನವರೆಗೆ ಹೋಗಿ ಬಂದರು.

ಟೆಸ್ಟ್ ಫೇಲ್ ಎಂದೆ ನಾನು. ನಗುತ್ತಾ ಹೇಳಿದ್ದೆ, ಆದರೆ ಒಳಗೆ ಸ್ವಲ್ಪ ಹಗುರವೂ ಆಗಿತ್ತು. ಸೋಮವಾರ ಇಲ್ಲ ಅನ್ನಲು ಕಾರಣ ಸಿಕ್ಕಿತ್ತು.

ಜಯಕ್ಕ ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಸೊಸೆಯಾಗಿ ಬಂದಾಗಿಂದ ಇಲ್ಲೇ ಕುಂತಿವ್ನಿ ಕಣಮ್ಮ. ನೀರು ನೋಡಿವ್ನಾ ಅಂದ್ರೆ ಇಲ್ಲ. ಯಾರು ತಿರುಗುಸ್ಕತ್ತಾರೆ ಅಂತ ನೋಡಿವ್ನಿ. ಆ ಗಂಗೇಲಾದ್ರೆ ಯಾರ್ ಸರದೀನೂ ಅಲ್ವಲ್ಲ... ಅದಕ್ಕೇ ಕೇಳುದ್ದು."

ನನ್ನ ಕೈ ತಾನಾಗಿ ಫೋನಿದ್ದ ಚೀಲದ ಕಡೆ ಹೋಯಿತು. ಬೆಳಿಗ್ಗೆಯಿಂದ ಅದು ಎಷ್ಟನೇ ಸಲವೋ.

ಜಯಕ್ಕ ನೋಡಿದರು. "ನಿಂದೂ ಫೇಲೇ," ಎಂದರು.

ಆ ಪಟ್ಟಿಯಲ್ಲಿ ಜಯಕ್ಕನ ಹೆಸರಿದ್ದ ಕಡೆಯೆಲ್ಲ ನನ್ನ ಹೆಸರು ಬರೆದರೆ ಪಟ್ಟಿ ಸರಿಹೋಗುತ್ತಿತ್ತು. ಬೋರ್ ಆಗುವುದು ನನಗೆ. ಒಂದೇ ರೂಮಿನಲ್ಲಿ ಏಳು ದಿನ ಇನ್ನೊಬ್ಬರ ಜೊತೆ ಏನು ಮಾತಾಡಬೇಕೆಂದು ಗೊತ್ತಾಗದೆ ಉಸಿರು ಕಟ್ಟುವುದೂ ನನಗೇ.

ಸೋಮವಾರ ಬೆಳಿಗ್ಗೆ ಟ್ರಾವೆಲ್ ಆಫೀಸಿಗೆ ಫೋನ್ ಮಾಡಿ ಇಬ್ಬರ ಹೆಸರು ಕೊಟ್ಟೆ. ಕೂತು ನೋಡಿದಿರಾ ಮೇಡಂ, ಸೆಟ್ ಆಯ್ತಾ ಎಂದು ಕೇಳಿದರು. ಇಲ್ಲ, ಸುಮ್ಮನೆ ಕೂರಲು ಇಬ್ಬರಿಗೂ ಬರಲಿಲ್ಲ, ಆದರೂ ಬುಕ್ ಮಾಡಿ ಎಂದೆ.

ಜಯಕ್ಕನಿಗೆ ಹೇಳೋಣವೆಂದು ಫೋನ್ ಮಾಡಿದರೆ ಎತ್ತಿದ್ದು ಭಾವ. ಅವತ್ತು ನಮ್ಮ ಸರದಿ. ಜಯಕ್ಕ ಏರಿ ಮೇಲೆ ಕಾಯುತ್ತಾ ಕೂತಿದ್ದರಂತೆ.

ನೀವು ಏನನ್ನೂ ಕಾಯದೆ, ಸುಮ್ಮನೆ ನೀರಿನ ಪಕ್ಕ ಕೊನೆಯ ಸಲ ಕೂತದ್ದು ಯಾವಾಗ?