ಪಟಾಲಪ್ಪನ ಕ್ಯಾಮೆರಾ ಕನ್ನಡಕ

"ಪಟಾಲಪ್ಪ ಬಂದ ಕಣ್ರೇ, ಸೆರಗು ಸರಿ ಮಾಡ್ಕಳಿ" ಎಂದು ಮಾಕಳಿಯ ನಮ್ಮ ಬೀದಿಯ ಹೆಂಗಸರು ನಗುತ್ತಿದ್ದರು. ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾದ ಅವನಿಗೆ ಮಗಳು ಕೊಡಿಸಿದ ಕನ್ನಡಕದಲ್ಲಿ ಪುಟ್ಟ ಕ್ಯಾಮೆರಾ ಇತ್ತು. ಎದುರು ಕೂತವರ ಮುಖವನ್ನೂ ಮಾತನ್ನೂ ಅದು ಹಿಡಿದಿಡುತ್ತಿತ್ತು. ವಂಶಾವಳಿ ಹಾಡಲು ಬರುವ ಹೆಳವರು ಗಂಡಸರ ಹೆಸರನ್ನಷ್ಟೇ ಹೇಳುತ್ತಾರೆಂಬುದು ಅವನ ತಕರಾರು. ಅದಕ್ಕೇ ಮದುವೆಯಾಗಲಿ ತಿಥಿಯಾಗಲಿ, ನೆಂಟರ ಪೈಕಿ ವಯಸ್ಸಾದ ಹೆಂಗಸರನ್ನು ಹುಡುಕಿ, ಅವರೆದುರು ಕುಕ್ಕರಗಾಲಲ್ಲಿ ಕೂರುತ್ತಿದ್ದ. "ನಿನ್ನೆಸ್ರೇಳವ್ವ. ನಿಮ್ಮವ್ವನ ಹೆಸ್ರು? ಅವರವ್ವಂದು?" ಮೂರು ಹೆಸರು ಬರುವವರೆಗೆ ಊಟಕ್ಕೂ ಏಳುತ್ತಿರಲಿಲ್ಲ. ತಲೆಯಾಡಿಸಿದರೆ ಚಿತ್ರವೂ ಆಡುತ್ತದೆಂದು, ಸೊಳ್ಳೆ ಕಚ್ಚಿದರೂ ಕತ್ತು ಮಾತ್ರ ಕಲ್ಲುಬಸವನದು. ಬಾಡಿಗೆ ಮನೆ ಖಾಲಿ ಮಾಡಿ ಬ್ರೂಕ್‌ಫೀಲ್ಡಿನ ಮಗಳ ಮನೆಗೆ ಹೊರಟ ದಿನ, ತಾನು ಕೂಡಿಹಾಕಿದ ನಲವತ್ತೊಂದು ಅಜ್ಜಿಯರನ್ನೂ ಎದುರುಮನೆಯ ಪಿಳ್ಳಮ್ಮನಿಗೆ ಮೊಬೈಲಿನಲ್ಲಿ ತೋರಿಸಿದ. "ಎಲ್ಲಾರೂ ಅವ್ರೆ. ನೀನೆಲ್ಲಣ್ಣಾ?" ಎಂದಳು ಪಿಳ್ಳಮ್ಮ. ಪಟಾಲಪ್ಪ ಮತ್ತೆ ಮೊದಲಿಂದ ಬೆರಳಾಡಿಸಿ ನೋಡಿದ. ಅಷ್ಟೂ ಚಿತ್ರಗಳಲ್ಲಿ ಅವನ ದನಿ ಇತ್ತು, ಮುಖ ಒಂದರಲ್ಲೂ ಇರಲಿಲ್ಲ. "ಇದನ್ನ ಚಾಲೂ ಮಾಡ್ಕೊಡು" ಎಂದು ಪಿಳ್ಳಮ್ಮ ಅವನ ಕನ್ನಡಕವನ್ನು ತನ್ನ ಮೂಗಿಗೇರಿಸಿ, ಬಾಗಿಲೆದುರು ಕುಕ್ಕರಗಾಲಲ್ಲಿ ಕೂತಳು. "ಈಗ ನೀನೇಳು. ನಿನ್ನೆಸ್ರು?" ಅವನು ಅಂಗಿಯ ಮೇಲುಗುಂಡಿ ಹಾಕಿಕೊಂಡು, ತಲೆ ನೇವರಿಸಿಕೊಂಡು ನಿಂತ. "ಪಟಾಲಪ್ಪ. ನಮ್ಮವ್ವ ಮುನಿತಾಯಮ್ಮ. ಅವರವ್ವ ಚಿಕ್ಕನುಮಕ್ಕ." ಆಮೇಲೆ ಹೊಸ್ತಿಲು ದಾಟಿ, ಮದುವೆಗಂಡಿನ ಹಾಗೆ ನಾಚಿಕೊಂಡು, ಕಾರಿನವರೆಗೂ ನಗುತ್ತಲೇ ನಡೆದ. ಪಿಳ್ಳಮ್ಮ ಕತ್ತು ಅಲ್ಲಾಡಿಸಲಿಲ್ಲ.