ಅಕ್ಕ ಹೇಳಿ ಹೊಡೆಸಿದ ಪುಟ

ಅವರ ಬಲಗೈ ತೋರುಬೆರಳು ಅರ್ಧಕ್ಕೇ ಮೊಟಕಾಗಿತ್ತು. ಕಾರ್ಡು ಅಚ್ಚುಹಾಕುವ ಟ್ರೆಡಲ್ ಯಂತ್ರಕ್ಕೆ ಎಂದೋ ಸಿಕ್ಕಿ ಹೋಗಿತ್ತಂತೆ. ಉಳಿದ ತುಂಡು ಬೆರಳಿನಲ್ಲೇ ಸೀಸದ ಅಚ್ಚುಮೊಳೆಗಳನ್ನು ಆರಿಸಿ ಜೋಡಿಸುತ್ತಿದ್ದರು. ಮೂಡಿಗೆರೆಯ ಪ್ರೆಸ್ಸಿನಲ್ಲಿ ಅವರು ಹಿರಿಯ ಕಂಪೋಸಿಟರ್; ನಾನು ಟೈಪಿಂಗ್ ಪಾಸು ಮಾಡಿ ಆಗಷ್ಟೇ ಸೇರಿದವಳು. ಎಲ್ಲರಿಗೂ ಅವರು ಅಕ್ಕ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ರೆಸ್ಸಿನ ಸಾಹುಕಾರರು ಕಂಪ್ಯೂಟರ್ ತಂದರು. ಪುಟವನ್ನು ಪರದೆಯ ಮೇಲೆಯೇ ಕಟ್ಟಬಹುದು, ಇನ್ನು ಮೊಳೆ ಬೇಡ ಎಂದರು. ಇಬ್ಬರನ್ನು ಕೆಲಸ ಬಿಡಿಸಿಯೂ ಆಯಿತು. ಅಕ್ಕ ಹೋಗಿ ಸಾಹುಕಾರರ ಮೇಜಿನ ಮುಂದೆ ನಿಂತರು.

"ನಂಗೂ ಕಲಿಸಿ. ಬರ್ಲಿಲ್ಲ ಅಂದ್ರೆ ನಾನೇ ಹೋಗ್ತೀನಿ."

ಗಂಡನಿಲ್ಲದ ಸಂಸಾರ ಆ ಸಂಬಳದಲ್ಲೇ ನಡೆಯಬೇಕಿತ್ತು. ಮಂಗಳೂರಿನಿಂದ ಬಂದ ಮೇಷ್ಟ್ರು ಕೆಲವು ದಿನ ಹೇಳಿಕೊಟ್ಟು ಹೋದರು. ಮೌಸ್ ಒತ್ತಲು ತೋರುಬೆರಳು ಎಟುಕದೆ ಅಕ್ಕ ನಡುಬೆರಳಿನಲ್ಲಿ ಒತ್ತಿ ಕಲಿತರು.

ನನಗೋ ಅದನ್ನು ಮುಟ್ಟಲೂ ಭಯ. "ಕಚ್ಚಲ್ಲ ಮಾರಾಯ್ತಿ, ಇದೇನು ಟ್ರೆಡಲ್ಲಾ?" ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. "ಮೊದ್ಲು ಕಾಗದದ ಅಳತೆ ಕೊಡ್ಬೇಕು. ಆಮೇಲೆ ಸುತ್ತ ಅಂಚು ಬಿಡ್ಬೇಕು. ಅಕ್ಷರಕ್ಕೆ ಅವಸರ ಇಲ್ಲ." ನಾನು ನೋಡುತ್ತಿದ್ದೆ, ಕೈ ಹಾಕುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಅವರ ಒಬ್ಬನೇ ಮಗ, ಎಸ್ಟೇಟ್ ಜೀಪಿಗೆ ಆಗಷ್ಟೇ ಡ್ರೈವರ್ ಆಗಿ ಸೇರಿದ್ದವನು, ಕಳಸದ ದಾರಿಯಲ್ಲಿ ಜೀಪು ಉರುಳಿ ತೀರಿಕೊಂಡ. ನಾಲ್ಕಾರು ದಿನ ಕಳೆದು ಒಂದು ಬೆಳಿಗ್ಗೆ ಅಕ್ಕ ಪ್ರೆಸ್ಸಿಗೆ ಬಂದರು.

"ನೀವ್ಯಾಕಮ್ಮ ಬಂದ್ರಿ? ಉತ್ತರಕ್ರಿಯೆ ಕಾರ್ಡು ಚಿಕ್ಕಮಗಳೂರಲ್ಲಿ ಮಾಡಿಸ್ತೀನಿ," ಎಂದರು ಸಾಹುಕಾರರು.

"ನನ್ ಮಗಂದು. ಬೇರೆಯವ್ರು ಯಾಕೆ ಮಾಡ್ಬೇಕು?"

ಮಗನ ಹೆಸರು ಹೊಡೆದರು. ಅದರ ಹಿಂದೆ 'ದಿವಂಗತ' ಎಂದು ಸೇರಿಸುವಾಗ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅದನ್ನೂ ಹೊಡೆದರು. ಪುಟ ಮುಗಿಯುತ್ತ ಬಂದಿತ್ತು, ಕರೆಂಟು ಹೋಯಿತು. ಮರಳಿ ಬಂದಾಗ ಪರದೆ ಖಾಲಿ. ಅಕ್ಕ ಮೊದಲಿನಿಂದ ಶುರುಮಾಡಿದರು. ಹೆಸರು ಮುಗಿದಿತ್ತಷ್ಟೆ, ಕರೆಂಟು ಮತ್ತೆ ಹೋಯಿತು.

ಮೋಡದ ಕತ್ತಲಲ್ಲಿ ಇಬ್ಬರೂ ಕರೆಂಟಿಗೆ ಕಾದು ಕೂತೆವು. ಹೊರಗೆ ಮಳೆ ಹೊಯ್ಯುತ್ತಿತ್ತು.

"ಇನ್ನೊಂದ್ಸಲ ನನ್ ಕೈಲಿ ಆಗಲ್ಲ ಕಣೆ. ನೀನು ಹೊಡಿ."

"ನಂಗೆ ಬರಲ್ಲ ಅಕ್ಕ."

"ನಾನು ಹೇಳ್ತೀನಿ."

ಕರೆಂಟು ಬಂದಾಗ ಅವರ ಕುರ್ಚಿಯಲ್ಲಿ ನಾನಿದ್ದೆ. ಅಳತೆ, ಅಂಚು, ಆಮೇಲೆ ಹೆಸರು. ಅವರು ಹೇಳಿದಂತೆ ಹೊಡೆಯುತ್ತ ಹೋದೆ. ಒಂದೊಂದು ಸಾಲು ಮುಗಿದಾಗಲೂ ನನ್ನ ಭುಜ ಹಿಡಿದು, "ಉಳಿಸು, ಉಳಿಸು," ಎನ್ನುತ್ತಿದ್ದರು. ನಾನು ಕಟ್ಟಿದ ಮೊದಲ ಪುಟ ಅದು.

ಪ್ರೂಫನ್ನು ಎಂದಿನಂತೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದರು. "ತಪ್ಪಿಲ್ಲ," ಎಂದರು. ಆಮೇಲೆ ಕಾಗದವನ್ನು ಮಡಿಲಿಗೆ ಹಾಕಿಕೊಂಡು ಅತ್ತರು.

ಮತ್ತೆಂದೂ ಅವರು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಪ್ರೂಫ್ ತಿದ್ದುತ್ತ, ನಾನು ತಡವರಿಸಿದಲ್ಲಿ ಹೇಳಿಕೊಡುತ್ತ ದಿನ ತಳ್ಳಿದರು. ಆ ವಿದ್ಯೆಯಲ್ಲೇ ನಾನು ಮುಂದೆ ಮನೆ ನಡೆಸಿದೆ, ಮಕ್ಕಳನ್ನು ಓದಿಸಿದೆ. ಅಕ್ಕ ಅದನ್ನು ನೋಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಮಲಗಿದವರು ಏಳಲೇ ಇಲ್ಲ.

ಕ್ರಿಯೆಯ ಜವಾಬ್ದಾರಿಯನ್ನು ಸಾಹುಕಾರರೇ ಹೊತ್ತರು, ಕಾರ್ಡು ನಾನು ಮಾಡಿದೆ. 'ದುಃಖತಪ್ತರು' ಎಂಬಲ್ಲಿಗೆ ಬಂದಾಗ, "ಯಾರ ಹೆಸ್ರು ಹಾಕೋದು? ಯಾರೂ ಇಲ್ವಲ್ಲ," ಎಂದರು ಅವರು.

ನಾನು ನನ್ನ ಹೆಸರು ಹೊಡೆದೆ.