ನಾಲ್ಕು ತಂತಿ, ಒಂದು ತಪ್ಪು 'ಮ'

"ನಿಲ್ಲಿಸಬೇಡಿ, ರಾಗ ಇನ್ನೇನು ಸಿಕ್ಕಿತು!" ಎಂದು ಎದುರು ಸೀಟಿನ ಹಿರಿಯರು ಕಣ್ಣು ಮುಚ್ಚಿ ತೊಡೆ ತಟ್ಟಿದಾಗ ನಮ್ಮ ರೈಲು ಅನಕಾಪಲ್ಲಿ ದಾಟುತ್ತಿತ್ತು. ತೊಂಬತ್ತರ ದಶಕದ ಮಾತು. ವಿಶಾಖಪಟ್ಟಣದ ಬ್ಯಾಂಕಿನಿಂದ ವಿಜಯವಾಡಕ್ಕೆ ವರ್ಗವಾಗಿ ಹೊರಟಿದ್ದೆ. ಅವರು ಬಳ್ಳಾರಿಯಲ್ಲಿದ್ದು ಕನ್ನಡ ಕಲಿತ ತೆಲುಗಿನ ವೀಣೆ ಮೇಷ್ಟ್ರು. ನನ್ನ ಕೈಯಲ್ಲಿದ್ದದ್ದು ಗಿಟಾರಿನ ಮರಿಯಂತಿರುವ ಯುಕುಲೇಲೆ. ಋಷಭಪ್ರಿಯ ಎಂಬ ಅಪರೂಪದ ರಾಗದಿಂದ ಒಂದು ಬಿಟ್ಟು ಒಂದು ಸ್ವರ ಹೆಕ್ಕಿ, ನಾಲ್ಕನ್ನು ಒಟ್ಟಿಗೇ ಮೀಟಿ ಜಾಝ್ ಕಾರ್ಡ್ ಕಟ್ಟುವ ಹುಚ್ಚು ನನಗೆ.

ಯಾವ ರಾಗವನ್ನಾದರೂ ಎರಡೇ ನಿಮಿಷದಲ್ಲಿ ಹೇಳುತ್ತೇನೆಂದು ಬೋಗಿಗೆಲ್ಲ ಸಾರಿದ್ದ ಮೇಷ್ಟ್ರು ತುನಿ ದಾಟಿದರೂ ತಡಕಾಡುತ್ತಲೇ ಇದ್ದರು. ಅಕ್ಕಪಕ್ಕದವರು ಮುಸಿಮುಸಿ ನಗತೊಡಗಿದರು. ಗೋದಾವರಿ ಸೇತುವೆಯ ಮೇಲೆ ಅವರ ತಾಳ್ಮೆಯ ಕಟ್ಟೆಯೊಡೆಯಿತು. "ಏಮಂಡೀ, ಪಪ್ಪು, ಪುಲುಸು, ಪಾಯಸ ಎಲ್ಲಾ ಕಲಸಿ ಬಾಯಿಗಿಟ್ಟರೆ ಯಾವುದು ಏನು ಅಂತ ಹೇಗೆ ಹೇಳೋದು? ಒಂದೊಂದೇ ಬಡಿಸಿ! ಬಾಯಲ್ಲಿ ಹಾಡಿ!"

ನಾನೋ, ಬೆರಳಿಡುವ ಜಾಗಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆನೇ ಹೊರತು ಆ ರಾಗವನ್ನು ಒಮ್ಮೆಯೂ ಹಾಡಿದವನಲ್ಲ. ಸ, ರಿ, ಗ ಸರಿಯಾಗಿಯೇ ಬಂದವು. ಏರಬೇಕಾಗಿದ್ದ 'ಮ' ಮಾತ್ರ ಏರದೆ ಕೆಳಗೇ ಕೂತಿತು. ಹೇಗೋ ಕೊನೆ ಮುಟ್ಟಿಸುವಷ್ಟರಲ್ಲಿ ಋಷಭಪ್ರಿಯ ಹೋಗಿ, ಎಲ್ಲರಿಗೂ ಪರಿಚಿತವಾದ ಬೇರೊಂದು ರಾಗವಾಗಿತ್ತು.

"ಚಾರುಕೇಶಿ!" ಎನ್ನುತ್ತ ಮೇಷ್ಟ್ರು ಎದ್ದೇ ನಿಂತರು. ಬೋಗಿಯೆಲ್ಲ ಚಪ್ಪಾಳೆ ತಟ್ಟಿತು. ನಾನೂ "ಅದೇ ಸಾರ್, ಅದೇ" ಎಂದು ತಲೆಯಾಡಿಸಿ ಯುಕುಲೇಲೆಯನ್ನು ಚೀಲಕ್ಕೆ ತುರುಕಿದೆ.

ಜೀವಮಾನದಲ್ಲಿ ನಾನು ಹಾಡಿದ ಅಪಸ್ವರಗಳಿಗೆ ಲೆಕ್ಕವಿಲ್ಲ. ಇಬ್ಬರ ಮಾನ ಕಾಪಾಡಿದ್ದು ಮಾತ್ರ ಅದೊಂದೇ.